ಪೋಸ್ಟ್‌ಗ್ರೆಸ್ 11ರಿಂದ 15ಕ್ಕೆ ಹೋಗುವಾಗ ಲೈಬ್ರರಿ ತಕರಾರು: ಪಿಎಸ್‌ಕ್ಯೂಎಲ್ ತೆರೆಯುತ್ತಿಲ್ಲ, ಪೋಸ್ಟ್‌ಜಿಐಎಸ್ ಸಿಗುತ್ತಿಲ್ಲ

ಕೆರೆ_ಏರಿ · ಶನಿವಾರ, ಸಂಜೆ 7:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಕೆಲಸ ಶುರುವಾಗಬೇಕು.

ನಮ್ಮದು ಸಣ್ಣ ತಂಡ. ಎರಡು ತಾಲ್ಲೂಕಿನ ಕೆರೆಗಳ ನಕ್ಷೆ ಮಾಡಿ ಇಟ್ಟಿದ್ದೇವೆ. ಏರಿ, ತೂಬು, ಕೋಡಿ, ಕಾಲುವೆ, ಸುತ್ತಲಿನ ಜಮೀನಿನ ಸರ್ವೆ ನಂಬರ್ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ನಕ್ಷೆಯ ಕೆಲಸಕ್ಕೆ ಅದರ ಜೊತೆ ಪೋಸ್ಟ್‌ಜಿಐಎಸ್ 2.5 ಎಕ್ಸ್‌ಟೆನ್ಷನ್ (ಹೆಚ್ಚುವರಿ ಜೋಡಣೆ). ಇಷ್ಟು ವರ್ಷ ಸೆಂಟ್‌ಒಎಸ್ 7 ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ 11 ಓಡುತ್ತಿತ್ತು. ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತುಹೋಯಿತು. ಈಗ ಹೊಸ ಯಂತ್ರಕ್ಕೆ ಆಲ್ಮಾಲಿನಕ್ಸ್ 8 ಹಾಕಿದೆವು. ಡೇಟಾಬೇಸ್ ನಿಲ್ಲಿಸಿ, ಡೇಟಾ ಫೋಲ್ಡರ್ ಪೂರ್ತಿ ಆರ್‌ಸಿಂಕ್ ಮಾಡಿ (ಫೈಲ್‌ಗಳನ್ನು ಇದ್ದ ಹಾಗೇ ಕಾಪಿ ಮಾಡಿ) ತಂದೆ. ಹೊಸ ಯಂತ್ರದಲ್ಲಿ 11 ಹಾಕಿ ಸ್ಟಾರ್ಟ್ ಮಾಡಿದೆ. ಚೆನ್ನಾಗಿ ಬಂತು, ನಕ್ಷೆನೂ ಕಾಣಿಸಿತು. ಆಮೇಲೆ 15ಕ್ಕೆ ಹೋಗೋಣ ಅಂತ ಹೊರಟೆ. ಅಲ್ಲಿಂದ ತೊಂದರೆ ಶುರು.

ಮೊದಲನೆಯದು. 15ರ ಪಿಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ) ತೆರೆದರೆ ಹೀಗೆ ಬೈಯುತ್ತದೆ: "ಸಿಂಬಲ್ ಲುಕಪ್ ಎರರ್: ಅನ್‌ಡಿಫೈನ್ಡ್ ಸಿಂಬಲ್: ಪಿಕ್ಯೂಎಂಬಿಲೆನ್‌ಬೌಂಡೆಡ್".

ಎರಡನೆಯದು. ಡೇಟಾಬೇಸನ್ನು ಹೊಸ ವರ್ಷನ್‌ಗೆ ಏರಿಸುವ ಪಿಜಿ_ಅಪ್‌ಗ್ರೇಡ್‌ಗೆ ಚೆಕ್ ಆಯ್ಕೆ ಕೊಟ್ಟು ಓಡಿಸಿದರೆ, ಹೊಸ ಇನ್‌ಸ್ಟಾಲೇಷನ್‌ನಲ್ಲಿ ಕೆಲವು ಲೋಡಬಲ್ ಲೈಬ್ರರಿಗಳಿಲ್ಲ ಅಂತ ನಿಲ್ಲುತ್ತದೆ. ಅದು ಬರೆದಿಟ್ಟ ಪಟ್ಟಿಯಲ್ಲಿ "ಪೋಸ್ಟ್‌ಜಿಐಎಸ್-2.5" ಮತ್ತು "ಆರ್‌ಟಿಪೋಸ್ಟ್‌ಜಿಐಎಸ್-2.5" ಇವೆ.

ಎರಡಕ್ಕೂ ಸಂಬಂಧ ಇದೆಯಾ, ಬೇರೆ ಬೇರೆನಾ ಅನ್ನೋದೇ ತಿಳಿಯುತ್ತಿಲ್ಲ. ಹಳೆಯ ಸರ್ವರ್ ಹಾಗೇ ಇದೆ, ಮುಟ್ಟಿಲ್ಲ.

ಮುಂಗಾರು · ಶನಿವಾರ, ಸಂಜೆ 7:32

11ರ ಲಿಬ್ ಫೋಲ್ಡರ್‌ನಲ್ಲಿ ಪೋಸ್ಟ್‌ಜಿಐಎಸ್-2.5 ಫೈಲ್ ಇರುತ್ತದಲ್ವಾ? ಅದನ್ನೇ 15ರ ಲಿಬ್ ಫೋಲ್ಡರ್‌ಗೆ ಕಾಪಿ ಮಾಡಿ, ಇಲ್ಲಾಂದ್ರೆ ಸಿಮ್‌ಲಿಂಕ್ (ಆ ಫೈಲ್ ಕಡೆ ತೋರಿಸುವ ಇನ್ನೊಂದು ಹೆಸರು) ಕೊಡಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ನಾನು ಹೀಗೆ ಮಾಡಿದ್ದೇನೆ, ನಡೆಯಿತು.

ಕೆರೆ_ಏರಿ · ಶನಿವಾರ, ಸಂಜೆ 7:51

ಕಾಪಿ ಮಾಡಿ ನೋಡಿದೆ. ಈಗ ಬೇರೆ ತಪ್ಪು ಬರುತ್ತಿದೆ. "ಇನ್‌ಕಂಪ್ಯಾಟಿಬಲ್ ಲೈಬ್ರರಿ, ವರ್ಷನ್ ಮಿಸ್‌ಮ್ಯಾಚ್. ಸರ್ವರ್ 15, ಲೈಬ್ರರಿ 11" ಅನ್ನುತ್ತದೆ.

ಹಳೇ_ಟರ್ಮಿನಲ್ · ಶನಿವಾರ, ರಾತ್ರಿ 8:20

ಕೆರೆ_ಏರಿ ಅವರೇ, ಮೊದಲು ಆ ಕಾಪಿ ಮಾಡಿದ ಫೈಲ್ ತೆಗೆದುಬಿಡಿ. ಹಳೆಯ ಸರ್ವರ್ ಮುಟ್ಟದೆ ಇಟ್ಟಿದ್ದು ತುಂಬಾ ಒಳ್ಳೆಯ ಕೆಲಸ. ಹಾಗೇ ಇರಲಿ, ಮುಂದೆ ಬೇಕಾಗುತ್ತದೆ.

ನಿಮ್ಮ ಎರಡು ತೊಂದರೆಗೂ ಮೂಲ ಶೇರ್ಡ್ ಲೈಬ್ರರಿನೇ, ಅಂದರೆ ಪ್ರೋಗ್ರಾಂಗಳು ಓಡುವಾಗ ಹೊರಗಿನಿಂದ ಎತ್ತಿಕೊಳ್ಳುವ ಕೋಡ್ ಫೈಲ್. ಆದರೆ ಜಾತಿ ಬೇರೆ. ಒಂದೊಂದಾಗಿ ಹೇಳುತ್ತೇನೆ.

ಪಿಎಸ್‌ಕ್ಯೂಎಲ್ ತಾನೇ ನೇರವಾಗಿ ಸರ್ವರ್ ಜೊತೆ ಮಾತಾಡುವುದಿಲ್ಲ. ಲಿಬ್‌ಪಿಕ್ಯೂ ಅನ್ನುವ ಲೈಬ್ರರಿ ಮೂಲಕ ಮಾತಾಡುತ್ತದೆ. ಆ ಲೈಬ್ರರಿಯ ಹೆಸರು ಲಿಬ್‌ಪಿಕ್ಯೂ.ಎಸ್‌ಒ.5. ಈ 5 ಅನ್ನುವ ನಂಬರ್ 2006ರಲ್ಲಿ ಬಂದ 8.2ರಿಂದ ಇವತ್ತಿನವರೆಗೂ ಬದಲಾಗಿಲ್ಲ. ಹೊರಗೆ ಒಂದೇ ಹೆಸರು, ಒಳಗೆ ಫೈಲ್ ಬೇರೆ. 11ರ ಜೊತೆ ಬರೋದು 5.11, 15ರ ಜೊತೆ ಬರೋದು 5.15. ಹೊಸ ಲಿಬ್‌ಪಿಕ್ಯೂನಲ್ಲಿ ಹಳೆಯ ಫಂಕ್ಷನ್‌ಗಳೆಲ್ಲ ಇರುತ್ತವೆ, ಹಾಗಾಗಿ ಹಳೆಯ ಪ್ರೋಗ್ರಾಂಗೆ ಹೊಸ ಲೈಬ್ರರಿ ಸಿಕ್ಕರೆ ತೊಂದರೆ ಇಲ್ಲ. ಉಲ್ಟಾ ಆದರೆ ಕೆಟ್ಟಿತು. ಪಿಕ್ಯೂಎಂಬಿಲೆನ್‌ಬೌಂಡೆಡ್ ಅನ್ನೋದು 14ರಲ್ಲಿ ಬಂದ ಫಂಕ್ಷನ್. 15ರ ಪಿಎಸ್‌ಕ್ಯೂಎಲ್ ಅದನ್ನು ಕೇಳುತ್ತಿದೆ. ನಿಮ್ಮ ಯಂತ್ರ ಅದಕ್ಕೆ 11ರ ಲಿಬ್‌ಪಿಕ್ಯೂ ಕೊಡುತ್ತಿದೆ. ಅಲ್ಲಿ ಆ ಫಂಕ್ಷನ್ ಇಲ್ಲ.

ಯಾಕೆ 11ರದ್ದು ಸಿಗುತ್ತಿದೆ ಅಂತ ಊಹಿಸಬೇಡಿ, ಲೈಬ್ರರಿ ಹುಡುಕಿ ಕೊಡುವ ಲೋಡರ್‌ನನ್ನೇ ಕೇಳಿ. 15ರ ಪಿಎಸ್‌ಕ್ಯೂಎಲ್ ಫೈಲ್‌ನ ಪೂರ್ತಿ ದಾರಿ ಕೊಟ್ಟು ಎಲ್‌ಡಿಡಿ ಓಡಿಸಿ. ಲಿಬ್‌ಪಿಕ್ಯೂ ಸಾಲಿನ ಮುಂದೆ ಯಾವ ಫೋಲ್ಡರ್ ಬರುತ್ತದೆ ನೋಡಿ. ಆಮೇಲೆ ಎಕೋ ಮಾಡಿ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್‌ನಲ್ಲಿ (ಲೈಬ್ರರಿ ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿ) ಏನಿದೆ ಅಂತ ನೋಡಿ. ಎರಡೂ ಇಲ್ಲಿ ಹಾಕಿ.

ಹೊಸ_ಕಲಿಕೆ · ಶನಿವಾರ, ರಾತ್ರಿ 8:34

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಾನು ಎಂಜಿನಿಯರಿಂಗ್ ಕೊನೆಯ ವರ್ಷ. ಲೋಡರ್ ಯಾವ ಕ್ರಮದಲ್ಲಿ ಹುಡುಕುತ್ತದೆ ಸರ್?

ಹಳೇ_ಟರ್ಮಿನಲ್ · ಶನಿವಾರ, ರಾತ್ರಿ 8:47

ಕ್ಷಮೆ ಯಾಕೆ? ಕೇಳಬೇಕಾದ ಪ್ರಶ್ನೆನೇ ಅದು.

ಪ್ರೋಗ್ರಾಂ ಫೈಲ್ ಒಳಗೆ ನನಗೆ ಇಂಥ ಲೈಬ್ರರಿ ಬೇಕು ಅಂತ ಹೆಸರು ಮಾತ್ರ ಇರುತ್ತದೆ. ರೀಡ್‌ಎಲ್ಫ್‌ಗೆ ಮೈನಸ್ ಡಿ ಕೊಟ್ಟರೆ ನೀಡೆಡ್ ಅನ್ನುವ ಸಾಲುಗಳಲ್ಲಿ ಅದು ಕಾಣುತ್ತದೆ. ಎಲ್ಲಿದೆ ಅಂತ ಹುಡುಕೋದು ಲೋಡರ್ ಕೆಲಸ. ಪ್ರೋಗ್ರಾಂ ಒಳಗೇ ಹಳೆಯ ಬಗೆಯ ಆರ್‌ಪಾತ್ (ಹುಡುಕುವ ದಾರಿ) ಬರೆದಿದ್ದರೆ ಮೊದಲು ಅದು. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್. ಆಮೇಲೆ ರನ್‌ಪಾತ್, ಅಂದರೆ ಪ್ರೋಗ್ರಾಂ ಒಳಗೇ ಬರೆಯುವ ಹೊಸ ಬಗೆಯ ದಾರಿ. ಆಮೇಲೆ ಎಲ್‌ಡಿಕಾನ್ಫಿಗ್ ಕಟ್ಟಿಟ್ಟ ಕ್ಯಾಶ್. ಕೊನೆಗೆ ಮಾಮೂಲಿ ಸಿಸ್ಟಂ ಫೋಲ್ಡರ್‌ಗಳು. ಮೊದಲು ಸಿಕ್ಕಿದ್ದನ್ನು ಹಿಡಿದು ಬರುತ್ತದೆ, ಅದಕ್ಕಿಂತ ಒಳ್ಳೆಯದು ಮುಂದೆ ಇದೆಯಾ ಅಂತ ನೋಡುವುದಿಲ್ಲ. ಹೆಸರು ಒಂದೇ ಇದ್ದರೆ ಸಾಕು.

ಕಣ್ಣಾರೆ ನೋಡಬೇಕಾದರೆ ಎಲ್‌ಡಿ_ಡೀಬಗ್ ಅನ್ನುವ ವೇರಿಯಬಲ್‌ಗೆ ಲಿಬ್ಸ್ ಅಂತ ಕೊಟ್ಟು ಯಾವುದಾದರೂ ಕಮಾಂಡ್ ಓಡಿಸಿ. ಯಾವ ಬಾಗಿಲು ತಟ್ಟಿತು, ಎಲ್ಲಿ ಸಿಕ್ಕಿತು ಅಂತ ಸಾಲು ಸಾಲಾಗಿ ಹೇಳುತ್ತದೆ. ಇವತ್ತೇ ಒಮ್ಮೆ ಮಾಡಿ ನೋಡಿ, ಮರೆಯುವುದಿಲ್ಲ.

ಕೆರೆ_ಏರಿ · ಶನಿವಾರ, ರಾತ್ರಿ 8:58

ಸಿಕ್ಕಿತು ಸರ್! ಎಲ್‌ಡಿಡಿ 11ರ ಲಿಬ್ ಫೋಲ್ಡರ್ ತೋರಿಸುತ್ತಿದೆ. ಹಳೆಯ ಸರ್ವರ್‌ನ ಪ್ರೊಫೈಲ್.ಡಿ ಫೋಲ್ಡರ್‌ನಿಂದ ಒಂದು ಸ್ಕ್ರಿಪ್ಟ್ ಹಾಗೇ ತಂದಿದ್ದೆ. ಅದರಲ್ಲಿ ಎಲ್‌ಡಿ_ಲೈಬ್ರರಿ_ಪಾತ್ 11ಕ್ಕೆ ಕಟ್ಟಿಹಾಕಿದೆ. ಯಾರು, ಯಾವಾಗ ಬರೆದರೋ ಗೊತ್ತಿಲ್ಲ. ಆ ಸಾಲು ತೆಗೆದು ಹೊಸದಾಗಿ ಲಾಗಿನ್ ಆದೆ. ಪಿಎಸ್‌ಕ್ಯೂಎಲ್ ತೆರೆಯಿತು.

ಹಳೇ_ಟರ್ಮಿನಲ್ · ಶನಿವಾರ, ರಾತ್ರಿ 9:25

ಒಳ್ಳೆಯದು. ಲೈಬ್ರರಿ ದಾರಿ ನಿಜವಾಗಿ ಬೇಕಿದ್ದರೆ ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಬರೆದು ಎಲ್‌ಡಿಕಾನ್ಫಿಗ್ ಓಡಿಸಿ. ಇಡೀ ಯಂತ್ರದ ಎಲ್ಲ ಲಾಗಿನ್‌ಗೂ ಹರಡುವ ವೇರಿಯಬಲ್ ಬೇಡ. ಅದು ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಉಳಿದಿರುತ್ತದೆ.

ಇನ್ನು ಪೋಸ್ಟ್‌ಜಿಐಎಸ್. ಇಲ್ಲಿ ಲೈಬ್ರರಿ ಹುಡುಕೋದು ಸರ್ವರ್. ನಿಮ್ಮ ಡೇಟಾಬೇಸ್ ಒಳಗೆ ನೂರಾರು ಫಂಕ್ಷನ್‌ಗಳಿವೆ. ದೂರ ಅಳೆಯೋದು, ವಿಸ್ತೀರ್ಣ ಲೆಕ್ಕ ಹಾಕೋದು, ಎರಡು ಜಮೀನು ಒಂದರ ಮೇಲೊಂದು ಬರುತ್ತವಾ ಅಂತ ನೋಡೋದು. ಪ್ರತಿಯೊಂದರ ವಿವರದಲ್ಲೂ ಇದರ ಕೋಡ್ ಪೋಸ್ಟ್‌ಜಿಐಎಸ್-2.5ರಲ್ಲಿದೆ ಅಂತ ಬರೆದಿದೆ. ಪಿಜಿ_ಅಪ್‌ಗ್ರೇಡ್ ಆ ವಿವರಗಳನ್ನು ಇದ್ದ ಹಾಗೇ 15ಕ್ಕೆ ಸಾಗಿಸುತ್ತದೆ. ಅಲ್ಲಿ ಆ ಹೆಸರಿನ ಫೈಲ್ ಇಲ್ಲ. ಪೋಸ್ಟ್‌ಜಿಐಎಸ್ 2.5 ಓಡೋದು ಪೋಸ್ಟ್‌ಗ್ರೆಸ್ 12ರವರೆಗೆ ಮಾತ್ರ, 15ಕ್ಕೆ ಆ ಪ್ಯಾಕೇಜ್ ಸಿಗುವುದಿಲ್ಲ.

11ರ ಫೈಲನ್ನೇ ತಂದು ಇಟ್ಟರೆ ಯಾಕೆ ಆಗಲಿಲ್ಲ? ಸರ್ವರ್ ಒಳಗಿನ ಸ್ಟ್ರಕ್ಚರ್‌ಗಳು ಪ್ರತಿ ದೊಡ್ಡ ವರ್ಷನ್‌ಗೂ ಬದಲಾಗುತ್ತವೆ. 11ಕ್ಕೆ ಕಂಪೈಲ್ ಮಾಡಿದ ಲೈಬ್ರರಿ 15ರ ಒಳಗೆ ಕೈ ಹಾಕಿದರೆ ಬೇರೆ ಯಾವುದೋ ಜಾಗ ಮುಟ್ಟುತ್ತದೆ. ಅದಕ್ಕೇ 8.2ರಿಂದ ಪ್ರತಿ ಲೈಬ್ರರಿಯಲ್ಲೂ ಮ್ಯಾಜಿಕ್ ಬ್ಲಾಕ್ ಅಂತ ಒಂದು ಗುರುತು ಇಟ್ಟಿದ್ದಾರೆ. ಲೋಡ್ ಮಾಡುವಾಗಲೇ ಸರ್ವರ್ ಅದನ್ನು ನೋಡಿ ಬೇಡ ಅನ್ನುತ್ತದೆ. ನಿಮಗೆ ಬಂದ ತಪ್ಪು ನಿಮ್ಮ ಡೇಟಾ ಕಾಪಾಡಿದ ತಪ್ಪು.

ಸರಿಯಾದ ದಾರಿ ಇದು. ಪೋಸ್ಟ್‌ಜಿಐಎಸ್ 3.3 ನಿಮ್ಮ 11ರಲ್ಲೂ ಓಡುತ್ತದೆ, 15ರಲ್ಲೂ ಓಡುತ್ತದೆ. ಅದೇ ನಿಮ್ಮ ಸೇತುವೆ. ಮೊದಲು ಹೊಸ ಯಂತ್ರದಲ್ಲಿರುವ 11ಕ್ಕೇ 3.3 ಹಾಕಿ. ಡೇಟಾಬೇಸ್ ಒಳಗೆ ಹೋಗಿ ಆಲ್ಟರ್ ಎಕ್ಸ್‌ಟೆನ್ಷನ್ ಪೋಸ್ಟ್‌ಜಿಐಎಸ್ ಅಪ್‌ಡೇಟ್ ಕೊಡಿ. ಆಮೇಲೆ ಪೋಸ್ಟ್‌ಜಿಐಎಸ್_ಎಕ್ಸ್‌ಟೆನ್ಷನ್ಸ್_ಅಪ್‌ಗ್ರೇಡ್ ಫಂಕ್ಷನ್ ಕರೆಯಿರಿ. 3.0ರಿಂದ ರಾಸ್ಟರ್ (ಚಿತ್ರ ರೂಪದ ಡೇಟಾ) ಭಾಗವನ್ನು ಬೇರೆ ಎಕ್ಸ್‌ಟೆನ್ಷನ್ ಮಾಡಿದ್ದಾರೆ. ಹಾಗಾಗಿ ಒಂದು ಸಲ ಕರೆದರೆ ರಾಸ್ಟರ್ ಫಂಕ್ಷನ್‌ಗಳು ಅತಂತ್ರವಾಗಿ ಉಳಿಯಬಹುದು, ಇನ್ನೊಂದು ಸಲ ಕರೆಯಿರಿ. ಉಪಗ್ರಹ ಚಿತ್ರ ಏನೂ ಡೇಟಾಬೇಸ್‌ನಲ್ಲಿ ಇಟ್ಟಿಲ್ಲ ಅಂದರೆ ಪೋಸ್ಟ್‌ಜಿಐಎಸ್_ರಾಸ್ಟರ್ ಡ್ರಾಪ್ ಮಾಡಿಬಿಡಿ. ಆಮೇಲೆ 15ಕ್ಕೂ 3.3 ಹಾಕಿ ಮತ್ತೆ ಚೆಕ್ ಓಡಿಸಿ.

ಒಂದು ಸಮಾಧಾನ ಏನಂದರೆ, 3ರಿಂದ ಫೈಲ್ ಹೆಸರು ಬರೀ ಪೋಸ್ಟ್‌ಜಿಐಎಸ್-3. ಮುಂದಿನ ಸಲ 3.4, 3.5 ಅಂತ ಹೋದಾಗ ಈ ಪೇಚಾಟ ಇರುವುದಿಲ್ಲ.

ಅಪ್‌ಗ್ರೇಡ್ ಮಾಡುವಾಗ ಲಿಂಕ್ ಆಯ್ಕೆ (ಕಾಪಿ ಮಾಡದೆ ಹಳೆಯ ಫೈಲ್‌ಗಳನ್ನೇ ಬಳಸೋದು) ಬಳಸಬೇಡಿ. ಡಿಸ್ಕ್‌ನಲ್ಲಿ ಜಾಗ ಇದ್ದರೆ ಕಾಪಿನೇ ಆಗಲಿ. ಲಿಂಕ್ ಮಾಡಿ ಒಮ್ಮೆ 15 ಸ್ಟಾರ್ಟ್ ಆದರೆ ಆ 11ಕ್ಕೆ ವಾಪಸ್ ಹೋಗಲಾಗದು.

ಮುಂಗಾರು · ಶನಿವಾರ, ರಾತ್ರಿ 9:40

ನಾನು ತಪ್ಪು ದಾರಿ ಹೇಳಿದೆ, ಒಪ್ಪುತ್ತೇನೆ. ಆದರೆ ಪೋಸ್ಟ್‌ಜಿಐಎಸ್-3 ಫೈಲ್‌ಗೆ 2.5ರ ಹೆಸರಿನಲ್ಲಿ ಸಿಮ್‌ಲಿಂಕ್ ಕೊಟ್ಟು ಅಪ್‌ಗ್ರೇಡ್ ಮಾಡಿದವರ ಬಗ್ಗೆ ಓದಿದ್ದೇನೆ. ಅದೂ ತಪ್ಪಾ?

ಹಳೇ_ಟರ್ಮಿನಲ್ · ಶನಿವಾರ, ರಾತ್ರಿ 9:52

ಅದು ಬೇರೆ ವಿಷಯ, ಒಳ್ಳೆಯ ಪ್ರಶ್ನೆ. ಅಲ್ಲಿ ಲೈಬ್ರರಿ 15ಕ್ಕೇ ಕಂಪೈಲ್ ಆಗಿರುತ್ತದೆ, ಹೆಸರು ಮಾತ್ರ ಹಳೆಯದು. ಮ್ಯಾಜಿಕ್ ಬ್ಲಾಕ್ ಒಪ್ಪುತ್ತದೆ. ಹಳೆಯ ಯಂತ್ರದಲ್ಲಿ ಹೊಸ ಪ್ಯಾಕೇಜ್ ಹಾಕಲು ದಾರಿಯೇ ಇಲ್ಲ ಅಂದಾಗ, ಅಪ್‌ಗ್ರೇಡ್ ನಡೆಯುವಷ್ಟು ಹೊತ್ತು ಮಾತ್ರ ಹಾಗೆ ಮಾಡಿ, ತಕ್ಷಣ ಎಕ್ಸ್‌ಟೆನ್ಷನ್ ಅಪ್‌ಡೇಟ್ ಮಾಡಿ ಸಿಮ್‌ಲಿಂಕ್ ತೆಗೆಯುವವರಿದ್ದಾರೆ. ಹಳೆಯ ಫಂಕ್ಷನ್ ಹೊಸದರಲ್ಲಿ ಇಲ್ಲದಿದ್ದರೆ ಅಲ್ಲೇ ಕೈಕೊಡುತ್ತದೆ. ಇವರಿಗೆ ನೇರ ದಾರಿ ಇರುವಾಗ ಅದು ಬೇಡ.

ಬೆಣ್ಣೆದೋಸೆ · ಶನಿವಾರ, ರಾತ್ರಿ 10:15

ಮೈಎಸ್‌ಕ್ಯೂಎಲ್ ಮಾತು ಬಂತಲ್ಲ, ನನ್ನ ಅನುಭವ ಹೇಳುತ್ತೇನೆ. ಇದು ಹಳೆಯ ಕೆಲಸದ ಜಾಗದಲ್ಲಿ ಆಗಿದ್ದು.

ಸೆಂಟ್‌ಒಎಸ್ 7ರಲ್ಲಿ ಮೊದಲಿಂದಲೇ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ 5.5ರ ಲಿಬ್ಸ್ (ಲೈಬ್ರರಿ) ಪ್ಯಾಕೇಜ್ ಇರುತ್ತಿತ್ತು. ನಾನು ಮೈಎಸ್‌ಕ್ಯೂಎಲ್ 5.7 ಹಾಕಬೇಕಿತ್ತು. ಎರಡೂ ಗುದ್ದಾಡುತ್ತವೆ ಅಂತ ಮರಿಯಾಡಿಬಿ ಲಿಬ್ಸ್ ಕಿತ್ತುಹಾಕಿದೆ. ಪ್ಯಾಕೇಜ್ ಹಾಕಿ ತೆಗೆಯುವ ಯಮ್ ಒಂದು ಪಟ್ಟಿ ತೋರಿಸಿ ಒಪ್ಪಿಗೆ ಕೇಳಿತು. ಓದದೆ ವೈ ಒತ್ತಿದೆ. ಆ ಪಟ್ಟಿಯಲ್ಲಿ ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಇತ್ತು. ಅಲ್ಲಿನ ಪೋಸ್ಟ್‌ಫಿಕ್ಸ್‌ಗೂ ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್.ಎಸ್‌ಒ.18 ಬೇಕು, ಅದು ಇರೋದು ಆ ಲಿಬ್ಸ್ ಪ್ಯಾಕೇಜ್‌ನಲ್ಲಿ. ಹೀಗೆ ಯಂತ್ರದಿಂದ ಮೇಲ್ ಹೋಗೋದೇ ನಿಂತಿತು. ರಾತ್ರಿ ಬ್ಯಾಕಪ್ ಕೆಟ್ಟರೆ ನಮಗೆ ಮೇಲ್ ಬರಬೇಕಿತ್ತು. ಬ್ಯಾಕಪ್ ಕೆಟ್ಟಿತ್ತು, ಮೇಲ್ ಬರಲಿಲ್ಲ. ಒಂಬತ್ತು ದಿನ ಯಾರಿಗೂ ಗೊತ್ತಾಗಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.

ಪರಿಹಾರ ಸುಲಭವಿತ್ತು. ಮೈಎಸ್‌ಕ್ಯೂಎಲ್ ಪ್ಯಾಕೇಜ್‌ಗಳ ಜೊತೆಗೇ ಲಿಬ್ಸ್-ಕಂಪ್ಯಾಟ್ ಅಂತ ಒಂದು ಬರುತ್ತದೆ. ಹಳೆಯ ನಂಬರಿನ ಲೈಬ್ರರಿ ಅದರಲ್ಲಿರುತ್ತದೆ. ಅದನ್ನು ಸೇರಿಸಿ ಒಂದೇ ಸಲಕ್ಕೆ ಹಾಕಿದ್ದರೆ ಪೋಸ್ಟ್‌ಫಿಕ್ಸ್ ಉಳಿಯುತ್ತಿತ್ತು.

ಮುಂಗಾರು ಅವರೇ, ಅಲ್ಲಿ ಲೈಬ್ರರಿ ಹೆಸರಿನ ಕೊನೆಯ ನಂಬರ್ ಬದಲಾಗೋದಕ್ಕೆ ಅರ್ಥ ಇದೆ. 5.1ಕ್ಕೆ 16, 5.5 ಮತ್ತು 5.6ಕ್ಕೆ 18, 5.7ಕ್ಕೆ 20, 8.0ಕ್ಕೆ 21. ಮರಿಯಾಡಿಬಿ 10.2ರಿಂದ ಹೆಸರೇ ಬೇರೆ, ಲಿಬ್‌ಮರಿಯಾಡಿಬಿ.ಎಸ್‌ಒ.3. ಹಳೆಯದಕ್ಕೂ ಹೊಸದಕ್ಕೂ ಹೊಂದುವುದಿಲ್ಲ ಅಂತ ಹೇಳೋಕೇ ಆ ನಂಬರ್ ಏರಿಸುತ್ತಾರೆ. ಸಿಮ್‌ಲಿಂಕ್ ಕೊಟ್ಟರೆ ನಾವು ಆ ಮಾತನ್ನು ಅಳಿಸಿದ ಹಾಗೆ. ಪ್ರೋಗ್ರಾಂ ಶುರುವಾಗಬಹುದು. ಸರಿಯಾಗಿ ನಡೆಯುತ್ತದೆ ಅನ್ನೋದಕ್ಕೆ ಯಾವ ಭರವಸೆನೂ ಇಲ್ಲ.

ಮುಂಗಾರು · ಶನಿವಾರ, ರಾತ್ರಿ 10:31

ನಾನು ಕೊಟ್ಟ ಸಿಮ್‌ಲಿಂಕ್ ಇನ್ನೂ ಒಂದು ಯಂತ್ರದಲ್ಲಿ ಹಾಗೇ ಇದೆ. ನಾಳೆ ಭಾನುವಾರ, ಕೂತು ಕಂಪ್ಯಾಟ್ ಪ್ಯಾಕೇಜ್ ಹಾಕಿ ಅದನ್ನು ತೆಗೆಯುತ್ತೇನೆ. ಥ್ಯಾಂಕ್ಸ್ ಅಣ್ಣ.

ಕೆರೆ_ಏರಿ · ಭಾನುವಾರ, ಮಧ್ಯಾಹ್ನ 1:05

ಆಯಿತು! 11ರಲ್ಲಿ 3.3ಕ್ಕೆ ಏರಿಸಿದೆ, ಫಂಕ್ಷನ್ ಎರಡು ಸಲ ಕರೆದೆ, ರಾಸ್ಟರ್ ನಮಗೆ ಬೇಕಿರಲಿಲ್ಲ, ತೆಗೆದೆ. ಚೆಕ್ ಪಾಸ್ ಆಯಿತು. ಅಪ್‌ಗ್ರೇಡ್ ಮುಗಿದು 15 ಓಡುತ್ತಿದೆ. ನಕ್ಷೆ ಬಂತು. ಕೆರೆ ವಿಸ್ತೀರ್ಣ ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿದೆ, ಒಂದೇ ಇದೆ.

ಒಂದು ಉಳಿದಿದೆ. ವೆಬ್‌ಸೈಟಿನ ಪಿಎಚ್‌ಪಿ ಬೇರೆ ಯಂತ್ರದಲ್ಲಿದೆ, ಅದೂ ಸೆಂಟ್‌ಒಎಸ್ 7. ಬೆಳಗ್ಗೆವರೆಗೂ ಸಂಪರ್ಕ ಸಿಗುತ್ತಿತ್ತು. ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದೆ, ಈಗ "ಅಥೆಂಟಿಕೇಷನ್ ಮೆಥಡ್ 10 ನಾಟ್ ಸಪೋರ್ಟೆಡ್" ಅನ್ನುತ್ತದೆ.

ಸಂಜೆ_ಪಾಳಿ · ಭಾನುವಾರ, ಮಧ್ಯಾಹ್ನ 1:40

ಇದೂ ಲಿಬ್‌ಪಿಕ್ಯೂನೇ ಸರ್. 14ರಿಂದ ಹೊಸ ಪಾಸ್‌ವರ್ಡ್ ಇಟ್ಟರೆ ಅದು ಸ್ಕ್ರಾಮ್ ಅನ್ನುವ ಹೊಸ ರೀತಿಯಲ್ಲಿ ಉಳಿಯುತ್ತದೆ. ನಿಮ್ಮ ಹಳೆಯ ಪಾಸ್‌ವರ್ಡ್ ಎಂಡಿ5 ಅನ್ನುವ ಹಳೆಯ ರೀತಿಯದು, ಅಪ್‌ಗ್ರೇಡ್‌ನಲ್ಲಿ ಹಾಗೇ ಬಂತು, ಅದಕ್ಕೇ ಬೆಳಗ್ಗೆ ನಡೆಯಿತು. ಸೆಂಟ್‌ಒಎಸ್ 7ರ ಸ್ವಂತ ಲಿಬ್‌ಪಿಕ್ಯೂ 9.2ರದ್ದು. ಸ್ಕ್ರಾಮ್ ಬಂದಿದ್ದು 10ರಲ್ಲಿ.

ಇಲ್ಲಿ ಆ ಬದಲಾಗದ 5 ನಂಬರ್ ನಿಮ್ಮ ಕೈ ಹಿಡಿಯುತ್ತದೆ. ಆ ವೆಬ್ ಯಂತ್ರದಲ್ಲಿ ಹೊಸ ಲಿಬ್‌ಪಿಕ್ಯೂ ಹಾಕಿ, ಲೋಡರ್‌ಗೆ ಅದು ಮೊದಲು ಸಿಗುವ ಹಾಗೆ ಮಾಡಿ. ಪಿಎಚ್‌ಪಿ ಮತ್ತೆ ಕಂಪೈಲ್ ಮಾಡುವ ಅಗತ್ಯ ಇಲ್ಲ. ಆದರೆ ವೆಬ್ ಸರ್ವರ್ ಮತ್ತು ಪಿಎಚ್‌ಪಿ ರೀಸ್ಟಾರ್ಟ್ ಮಾಡಲೇಬೇಕು. ಓಡುತ್ತಿರುವ ಪ್ರೋಗ್ರಾಂ ಮೊದಲು ಎತ್ತಿಕೊಂಡ ಲೈಬ್ರರಿಯನ್ನೇ ಹಿಡಿದು ಕೂತಿರುತ್ತದೆ. ಡಿಸ್ಕ್‌ನಲ್ಲಿ ಫೈಲ್ ಬದಲಾದರೂ ಅದಕ್ಕೆ ತಿಳಿಯುವುದಿಲ್ಲ. ಎಲ್‌ಎಸ್‌ಒಎಫ್ ಓಡಿಸಿ ಡಿಲೀಟ್ ಆದ ಲೈಬ್ರರಿ ಯಾರ ಹತ್ತಿರ ಇದೆ ಅಂತ ನೋಡಬಹುದು.

ಅಷ್ಟು ಪುರುಸೊತ್ತಿಲ್ಲ ಅಂದರೆ ಆ ಸೆಷನ್‌ಗೆ ಪಾಸ್‌ವರ್ಡ್_ಎನ್‌ಕ್ರಿಪ್ಷನ್ ಎಂಡಿ5 ಅಂತ ಇಟ್ಟು ಪಾಸ್‌ವರ್ಡ್ ಮತ್ತೆ ಕೊಡಿ. ಯಾರು ಹೇಗೆ ಒಳಗೆ ಬರಬಹುದು ಅಂತ ಹೇಳುವ ಪಿಜಿ_ಎಚ್‌ಬಿಎ ಫೈಲ್‌ನಲ್ಲೂ ಎಂಡಿ5 ಇರಲಿ, ಅದು ಎರಡನ್ನೂ ಒಪ್ಪುತ್ತದೆ. ಇದು ತಾತ್ಕಾಲಿಕ ಅಷ್ಟೇ. ಆ ಯಂತ್ರವನ್ನೂ ಬೇಗ ಬಿಡಿಸಿ.

ಮೈಎಸ್‌ಕ್ಯೂಎಲ್ 8.0ರಲ್ಲೂ ಇದೇ ಕತೆ. ಅಲ್ಲಿ ಡೀಫಾಲ್ಟ್ ಕ್ಯಾಶಿಂಗ್_ಶಾ2_ಪಾಸ್‌ವರ್ಡ್. ಹಳೆಯ ಕ್ಲೈಂಟ್ ಆ ಹೆಸರಿನ ಎಸ್‌ಒ ಫೈಲ್ ಹುಡುಕಿ ಸಿಗಲಿಲ್ಲ ಅನ್ನುತ್ತದೆ. ಜನ ಫೈಲ್ ಕಳೆದುಹೋಗಿದೆ ಅಂದುಕೊಂಡು ಎಲ್ಲೆಲ್ಲೋ ಹುಡುಕುತ್ತಾರೆ. ಬೇಕಿರೋದು ಹೊಸ ಕ್ಲೈಂಟ್ ಲೈಬ್ರರಿ.

ಕೆರೆ_ಏರಿ · ಭಾನುವಾರ, ಸಂಜೆ 4:20

ಹೊಸ ಲಿಬ್‌ಪಿಕ್ಯೂ ಹಾಕಿ ರೀಸ್ಟಾರ್ಟ್ ಮಾಡಿದೆ, ಸಂಪರ್ಕ ಬಂತು. ಮೇಡಂ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನದ ಮೇಲೆ ಇವತ್ತು ನೆಮ್ಮದಿಯಾಗಿ ಊಟ ಮಾಡುತ್ತೇನೆ.

ಹಳೇ_ಟರ್ಮಿನಲ್ · ಭಾನುವಾರ, ರಾತ್ರಿ 9:10

ಕೆರೆ_ಏರಿ ಅವರೇ, ಈಗಷ್ಟೇ ನಿಮ್ಮ ಮೊದಲ ಬರಹ ಮತ್ತೆ ಓದಿದೆ. ಡೇಟಾ ಫೋಲ್ಡರ್ ಆರ್‌ಸಿಂಕ್ ಮಾಡಿ ತಂದೆ ಅಂತ ಬರೆದಿದ್ದೀರಿ. ಡಂಪ್ ತೆಗೆದು (ಡೇಟಾವನ್ನು ಫೈಲ್‌ಗೆ ಬರೆಸಿಕೊಂಡು) ರೀಸ್ಟೋರ್ ಮಾಡಿದ್ದಲ್ಲ, ಅಲ್ವಾ? ನಿನ್ನೆಯೇ ಕೇಳಬೇಕಿತ್ತು, ನನ್ನ ಕಣ್ಣು ತಪ್ಪಿತು. ನಾಳೆ ಕೆಲಸ ಶುರು ಮಾಡುವ ಮೊದಲು ಎರಡೂ ಯಂತ್ರದಲ್ಲಿ ಒಂದು ಪರೀಕ್ಷೆ ಮಾಡಿ. 1-1 ಒಂದು ಸಾಲು, 11 ಇನ್ನೊಂದು ಸಾಲು. ಅಕ್ಷರ ಜೋಡಿಸುವ ಕ್ರಮ ಹೇಳುವ ಎಲ್‌ಸಿ_ಕೊಲೇಟ್‌ಗೆ ಇಎನ್_ಯುಎಸ್.ಯುಟಿಎಫ್-8 ಕೊಟ್ಟು ಸಾರ್ಟ್ ಮಾಡಿ. ಯಾವುದು ಮೊದಲು ಬರುತ್ತದೆ ಹೇಳಿ.

ಕೆರೆ_ಏರಿ · ಸೋಮವಾರ, ಮಧ್ಯಾಹ್ನ 12:45

ಸರ್, ನಿಮ್ಮ ಸಂದೇಶ ಈಗ ನೋಡಿದೆ. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು.

ಅಷ್ಟರಲ್ಲಿ ಬೇರೆ ಒಂದು ಆಗಿದೆ. ಡೇಟಾ ಎಂಟ್ರಿ ಮಾಡುವವರು ಫೋನ್ ಮಾಡಿದ್ದರು. ಸರ್ವೆ ನಂಬರ್ 11/2 ಹುಡುಕಿದರೆ ಇಲ್ಲ ಅನ್ನುತ್ತದೆ, ನಕ್ಷೆಯ ಮೇಲೆ ಒತ್ತಿದರೆ ಅದೇ 11/2 ಕಾಣುತ್ತದೆ. ಎಲ್ಲ ನಂಬರ್‌ಗೂ ಹಾಗಿಲ್ಲ. ಕೆಲವು ಸಿಗುತ್ತವೆ, ಕೆಲವು ಇಲ್ಲ. ಲಾಗ್‌ನಲ್ಲಿ ಒಂದೂ ತಪ್ಪಿಲ್ಲ.

ಹಳೇ_ಟರ್ಮಿನಲ್ · ಸೋಮವಾರ, ಮಧ್ಯಾಹ್ನ 12:58

ಮೊದಲು ಎಂಟ್ರಿ ನಿಲ್ಲಿಸಿ. ಈಗಲೇ. ಮಿಕ್ಕಿದ್ದು ಆಮೇಲೆ ಓದಿ.

ನಿಲ್ಲಿಸಿದಿರಾ? ಈಗ ಕೇಳಿ. ಇದೂ ಶೇರ್ಡ್ ಲೈಬ್ರರಿ ತೊಂದರೆನೇ, ಆದರೆ ಕೂಗದ ತೊಂದರೆ. ಅಕ್ಷರಗಳ ಸಾಲನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ತಾನೇ ನಿರ್ಧರಿಸುವುದಿಲ್ಲ. ಯಂತ್ರದ ಸಿ ಲೈಬ್ರರಿಯನ್ನು, ಅಂದರೆ ಜಿಲಿಬ್‌ಸಿಯನ್ನು ಕೇಳುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ದೊಡ್ಡದಾಗಿ ಬದಲಾಯಿತು. ಸೆಂಟ್‌ಒಎಸ್ 7ರಲ್ಲಿ ಇರೋದು 2.17. ಆಲ್ಮಾ 8ರಲ್ಲಿ 2.28.

ಹಳೆಯದು ಅಡ್ಡಗೆರೆ, ಓರೆಗೆರೆಗಳನ್ನು ಮೊದಲ ಸುತ್ತಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 11/2 ಹೋಗಿ 112ರ ಪಕ್ಕ ಕೂರುತ್ತಿತ್ತು. ಹೊಸದು ಓರೆಗೆರೆಯನ್ನೂ ಲೆಕ್ಕ ಹಾಕುತ್ತದೆ. ಸರ್ವೆ ನಂಬರ್ ಅಂದರೆ ಓರೆಗೆರೆ ಇದ್ದೇ ಇರುತ್ತದೆ ನಮ್ಮಲ್ಲಿ. 45/1ಎ, 112/3, 11/2ಬಿ. ನಿಮ್ಮ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ) ಹಳೆಯ ಕ್ರಮದಲ್ಲಿ ಕಟ್ಟಿದ್ದು, ಡಿಸ್ಕ್ ಜೊತೆ ಹಾಗೇ ಬಂತು. ಹುಡುಕೋದು ಹೊಸ ಕ್ರಮದಲ್ಲಿ. ಕಂಬ ಅನ್ನುವ ಪದವನ್ನು ನಿಘಂಟಿನಲ್ಲಿ ಒಬ್ಬರು ಕ ಆದ ತಕ್ಷಣ ಇಟ್ಟು, ಇನ್ನೊಬ್ಬರು ಕೌ ಮುಗಿದ ಮೇಲೆ ಹುಡುಕಿದರೆ ಪದ ಪುಸ್ತಕದಲ್ಲೇ ಇದ್ದರೂ ಸಿಗುವುದಿಲ್ಲ, ಹಾಗೆ.

ಇದು 15ಕ್ಕೆ ಹೋಗಿದ್ದರಿಂದ ಆಗಿದ್ದಲ್ಲ. ಡೇಟಾ ಫೋಲ್ಡರ್ ಹೊಸ ಯಂತ್ರಕ್ಕೆ ಬಂದ ಕ್ಷಣದಿಂದಲೇ ಇತ್ತು. ಪಿಜಿ_ಅಪ್‌ಗ್ರೇಡ್ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟುವುದಿಲ್ಲ, ಇದ್ದ ಹಾಗೇ ಒಯ್ಯುತ್ತದೆ. 15ರಿಂದ ಡೇಟಾಬೇಸ್‌ನ ಕೊಲೇಷನ್ (ಜೋಡಿಸುವ ಕ್ರಮ) ವರ್ಷನ್ ಬರೆದಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುವ ವ್ಯವಸ್ಥೆ ಇದೆ. ಆದರೆ 11ರಲ್ಲಿ ಆ ದಾಖಲೆಯೇ ಇರಲಿಲ್ಲ. ಅಪ್‌ಗ್ರೇಡ್ ಹೊತ್ತಿಗೆ ಇದ್ದ ವರ್ಷನ್ನನ್ನೇ ಬರೆದುಕೊಂಡಿತು. ಅದಕ್ಕೇ ನಿಮಗೆ ಎಚ್ಚರಿಕೆ ಬರಲಿಲ್ಲ.

ಖಾತ್ರಿ ಮಾಡಿಕೊಳ್ಳಿ. ಎನೇಬಲ್_ಇಂಡೆಕ್ಸ್‌ಸ್ಕ್ಯಾನ್, ಎನೇಬಲ್_ಇಂಡೆಕ್ಸ್‌ಓನ್ಲಿಸ್ಕ್ಯಾನ್, ಎನೇಬಲ್_ಬಿಟ್‌ಮ್ಯಾಪ್‌ಸ್ಕ್ಯಾನ್ ಮೂರೂ ಆ ಸೆಷನ್‌ನಲ್ಲಿ ಆಫ್ ಮಾಡಿ 11/2 ಹುಡುಕಿ. ಸಾಲು ಬಂದರೆ ಡೇಟಾ ಕ್ಷೇಮ, ಇಂಡೆಕ್ಸ್ ಮಾತ್ರ ಕೆಟ್ಟಿದೆ. ಆಮೇಲೆ ಇಂಡೆಕ್ಸ್ ಪರೀಕ್ಷಿಸುವ ಪಿಜಿ_ಅಮ್‌ಚೆಕ್ ಓಡಿಸಿ, ಹೀಪ್‌ಆಲ್‌ಇಂಡೆಕ್ಸ್ಡ್ ಆಯ್ಕೆ ಸೇರಿಸಿ. 14ರಿಂದ ಅದು ಜೊತೆಗೇ ಬರುತ್ತದೆ. ಕೆಟ್ಟ ಇಂಡೆಕ್ಸ್‌ಗಳ ಹೆಸರೆಲ್ಲ ಸಿಗುತ್ತವೆ.

ಕೆರೆ_ಏರಿ · ಸೋಮವಾರ, ಮಧ್ಯಾಹ್ನ 2:10

ಮೂರೂ ಆಫ್ ಮಾಡಿದರೆ 11/2 ಬರುತ್ತದೆ. ಅಮ್‌ಚೆಕ್ ಆರು ಇಂಡೆಕ್ಸ್ ತೋರಿಸಿತು, "ಐಟಂ ಆರ್ಡರ್ ಇನ್ವೇರಿಯಂಟ್ ವಯಲೇಟೆಡ್" ಅಂತ. ಊರಿನ ಹೆಸರು ಮತ್ತು ಸರ್ವೆ ನಂಬರ್ ಇರುವ ಇಂಡೆಕ್ಸ್‌ಗಳೇ ಎಲ್ಲ. ಬರೀ ಅಂಕಿಯ ಕಾಲಂ ಮೇಲಿನ ಇಂಡೆಕ್ಸ್‌ಗಳು, ನಕ್ಷೆಯ ಇಂಡೆಕ್ಸ್‌ಗಳು ಚೆನ್ನಾಗಿವೆ.

ಸಂಜೆ_ಪಾಳಿ · ಸೋಮವಾರ, ಮಧ್ಯಾಹ್ನ 2:25

ಡಾಕರ್ (ಪ್ರೋಗ್ರಾಂ, ಅದರ ಲೈಬ್ರರಿ ಎಲ್ಲ ಒಂದೇ ಇಮೇಜ್‌ನಲ್ಲಿ ಕಟ್ಟಿ ಓಡಿಸೋದು) ಬಳಸುವವರೂ ಗಮನಿಸಿ. ಪೋಸ್ಟ್‌ಗ್ರೆಸ್ ಇಮೇಜ್‌ನ ಟ್ಯಾಗ್‌ನಲ್ಲಿ ಬರೀ 15 ಅಂತ ಕೊಟ್ಟರೆ, ಅಡಿಯಲ್ಲಿರುವ ಡೆಬಿಯನ್ ವರ್ಷನ್ ಒಂದು ದಿನ ಬದಲಾಗಿಬಿಡುತ್ತದೆ, 2023ರಲ್ಲಿ ಬುಲ್ಸ್‌ಐಯಿಂದ ಬುಕ್‌ವರ್ಮ್‌ಗೆ ಹೋದ ಹಾಗೆ. ಪೋಸ್ಟ್‌ಗ್ರೆಸ್ ವರ್ಷನ್ ಬದಲಾಗಿಲ್ಲ, ಜಿಲಿಬ್‌ಸಿ ಬದಲಾಯಿತು. ಟ್ಯಾಗ್‌ನಲ್ಲಿ 15-ಬುಕ್‌ವರ್ಮ್ ಅಂತ ಪೂರ್ತಿ ಬರೆಯಿರಿ. ಆಲ್ಪೈನ್ ಇಮೇಜ್‌ನಲ್ಲಿ ಸಿ ಲೈಬ್ರರಿಯೇ ಬೇರೆ, ಮಸಲ್. ಡೆಬಿಯನ್ ಇಮೇಜ್‌ನ ವಾಲ್ಯೂಮ್ ತಂದು ಆಲ್ಪೈನ್‌ಗೆ ಜೋಡಿಸಬೇಡಿ. ಉಬುಂಟು 18.04ರಿಂದ 20.04ಕ್ಕೆ ಹೋದವರೂ 2.28ರ ಗಡಿ ದಾಟಿದ್ದಾರೆ, ಡೆಬಿಯನ್ 9ರಿಂದ 10ಕ್ಕೆ ಹೋದವರೂ ಅಷ್ಟೇ.

ಹೊಸ_ಕಲಿಕೆ · ಸೋಮವಾರ, ಮಧ್ಯಾಹ್ನ 2:41

ಇದರಿಂದ ಪೂರ್ತಿ ತಪ್ಪಿಸಿಕೊಳ್ಳುವ ದಾರಿ ಇಲ್ವಾ ಸರ್?

ಹಳೇ_ಟರ್ಮಿನಲ್ · ಸೋಮವಾರ, ಮಧ್ಯಾಹ್ನ 3:05

ಇದೆ. ಯಂತ್ರ ಬದಲಾಯಿಸುವಾಗ ಪಿಜಿ_ಡಂಪ್ ತೆಗೆದು ರೀಸ್ಟೋರ್ ಮಾಡಿದರೆ ಇಂಡೆಕ್ಸ್ ಹೊಸದಾಗಿ ಕಟ್ಟುತ್ತದೆ, ಈ ತೊಂದರೆ ಬರುವುದಿಲ್ಲ. ಡೇಟಾಬೇಸ್ ತೀರಾ ದೊಡ್ಡದಲ್ಲದಿದ್ದರೆ ನಾನು ಅದನ್ನೇ ಹೇಳುತ್ತೇನೆ. ಇನ್ನೊಂದು, ಸರ್ವೆ ನಂಬರ್‌ನಂಥ ಕಾಲಂಗೆ ಸಿ ಕೊಲೇಷನ್ ಕೊಡಿ. ಅದು ಬೈಟ್ ಲೆಕ್ಕದಲ್ಲಿ ಜೋಡಿಸುತ್ತದೆ, ಯಾವ ಲೈಬ್ರರಿ ಬದಲಾದರೂ ಕ್ರಮ ಬದಲಾಗುವುದಿಲ್ಲ. ಊರಿನ ಹೆಸರನ್ನು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ತೋರಿಸಬೇಕಾದಾಗ ಆ ಕ್ವೆರಿಯಲ್ಲಿ ಮಾತ್ರ ಐಸಿಯುನ ಕನ್ನಡ ಕೊಲೇಷನ್ ಬಳಸಿ, ಹೆಸರು ಕೆಎನ್-ಎಕ್ಸ್-ಐಸಿಯು. ಐಸಿಯು ಕೂಡ ಲೈಬ್ರರಿನೇ, ಅದರ ವರ್ಷನ್ನೂ ಬದಲಾಗುತ್ತದೆ. ಆದರೆ ಇಂಡೆಕ್ಸ್ ಇಲ್ಲದೆ ಸುಮ್ನೆ ಜೋಡಿಸಿ ತೋರಿಸುವಾಗ ಅದರಿಂದ ಹಾನಿ ಇಲ್ಲ. 17ರಲ್ಲಿ ಪೋಸ್ಟ್‌ಗ್ರೆಸ್ ತನ್ನೊಳಗೇ ಒಂದು ಕೊಲೇಷನ್ ವ್ಯವಸ್ಥೆ ತಂದಿದೆ, ಹೊರಗಿನ ಲೈಬ್ರರಿ ಕೇಳುವುದಿಲ್ಲ.

ಕೆರೆ_ಏರಿ ಅವರೇ, ಆ ಆರನ್ನೂ ರೀಇಂಡೆಕ್ಸ್ ಮಾಡಿ. ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬಿಡದ್ದು) ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಏನಾದರೂ ಎಡವಿದರೆ ಬಲವಂತ ಮಾಡದೆ ಇಲ್ಲಿ ಬರೆಯಿರಿ.

ಕೆರೆ_ಏರಿ · ಸೋಮವಾರ, ಸಂಜೆ 4:35

ಐದು ಇಂಡೆಕ್ಸ್ ಸರಿಯಾದವು. 11/2 ತಕ್ಷಣ ಸಿಕ್ಕಿತು. ಆರನೆಯದು ಊರು ಮತ್ತು ಸರ್ವೆ ನಂಬರ್ ಸೇರಿದ ಯೂನಿಕ್ ಇಂಡೆಕ್ಸ್. ಅದು ಕಟ್ಟುವುದಿಲ್ಲ, ಡೂಪ್ಲಿಕೇಟ್ ಇದೆ ಅನ್ನುತ್ತದೆ.

ಗ್ರೂಪ್ ಬೈ ಮಾಡಿ ನೋಡಿದೆ. ಏಳು ಜೋಡಿ ಇವೆ. ಎಲ್ಲ ಇವತ್ತು ಬೆಳಗ್ಗೆ ಹತ್ತರಿಂದ ಒಂದರ ಒಳಗೆ ಸೇರಿದವು. ನಮ್ಮ ಎಂಟ್ರಿ ಪ್ರೋಗ್ರಾಂ ಇದ್ದರೆ ಬದಲಾಯಿಸು, ಇಲ್ಲದಿದ್ದರೆ ಸೇರಿಸು ಅನ್ನುವ ರೀತಿ ಬರೆದಿದೆ. ಆ ಸಾಲು ಇಲ್ಲ ಅಂತ ಇಂಡೆಕ್ಸ್ ಹೇಳಿತು, ಹಾಗಾಗಿ ಇನ್ನೊಂದು ಸಾಲು ಸೇರಿಸಿಬಿಟ್ಟಿದೆ.

ಹಳೇ_ಟರ್ಮಿನಲ್ · ಸೋಮವಾರ, ಸಂಜೆ 4:50

ಏಳಕ್ಕೆ ನಿಂತಿದ್ದು ನೀವು ಬೇಗ ನಿಲ್ಲಿಸಿದ್ದರಿಂದ. ಹೊಸದು ಸರಿ, ಹಳೆಯದು ಅಳಿಸು ಅಂತ ಒಂದೇ ಕಮಾಂಡ್‌ನಲ್ಲಿ ಮಾಡಬೇಡಿ. ಹೊಸ ಸಾಲಿನಲ್ಲಿ ಇವತ್ತಿನ ತಿದ್ದುಪಡಿ ಇರುತ್ತದೆ, ಹಳೆಯ ಸಾಲಿಗೆ ಬೇರೆ ಟೇಬಲ್‌ನ ಫಾರಿನ್ ಕೀಗಳು (ಈ ಸಾಲಿನ ಕಡೆ ತೋರಿಸುವ ಕೊಂಡಿಗಳು) ಅಂಟಿಕೊಂಡಿರುತ್ತವೆ. ಏಳೂ ಜೋಡಿಯನ್ನು ಬೇರೆ ಟೇಬಲ್‌ಗೆ ಕಾಪಿ ಇಟ್ಟುಕೊಳ್ಳಿ. ಹಳೆಯ ಸರ್ವರ್ ಎಬ್ಬಿಸಿ ಅದೇ ಏಳು ಸಾಲು ಅಲ್ಲಿ ಹೇಗಿವೆ ಅಂತ ಪಕ್ಕದಲ್ಲಿಟ್ಟು ನೋಡಿ. ಬದಲಾದ ಕಾಲಂ ಮಾತ್ರ ಹಳೆಯ ಸಾಲಿಗೆ ತಂದು, ಹೊಸ ಸಾಲು ತೆಗೆಯಿರಿ. ಎಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಲಿ. ಆಮೇಲೆ ಯೂನಿಕ್ ಇಂಡೆಕ್ಸ್ ಕಟ್ಟಿ, ಮತ್ತೊಮ್ಮೆ ಅಮ್‌ಚೆಕ್ ಓಡಿಸಿ, ಆಮೇಲೆ ಎಂಟ್ರಿ ಬಿಡಿ.

ಕೆರೆ_ಏರಿ · ಸೋಮವಾರ, ರಾತ್ರಿ 8:15

ಐದು ಜೋಡಿ ಸರಿಹೋದವು, ಬದಲಾಗಿದ್ದು ಒಂದೊಂದೇ ಕಾಲಂ. ಉಳಿದ ಎರಡರಲ್ಲಿ ಒತ್ತುವರಿ ವಿಸ್ತೀರ್ಣವೇ ಬೇರೆ ಬೇರೆ ಇದೆ. ಎಂಟ್ರಿ ಮಾಡಿದವರನ್ನು ಕೇಳಿದೆ. ಹೋದ ವಾರ ಅಳತೆಗೆ ಹೋಗಿದ್ದವರ ಕೈಬರಹದ ಹಾಳೆ ನೋಡಿ ತುಂಬಿಸಿದ್ದಂತೆ. ಆ ಹಾಳೆಗಳು ಆಫೀಸಿನ ಬೀರುವಿನಲ್ಲಿವೆ. ನಾಳೆ ಬೆಳಗ್ಗೆ ಒಂಬತ್ತಕ್ಕೇ ಹೋಗಿ ಎರಡನ್ನೂ ತಾಳೆ ನೋಡಿ, ಯೂನಿಕ್ ಇಂಡೆಕ್ಸ್ ಕಟ್ಟುತ್ತೇನೆ. ಅಲ್ಲಿಯವರೆಗೆ ಎಂಟ್ರಿ ಬಂದ್.